ತೊಟ್ಟಿಯ ಬಲಗಡೆ ಬಾಗಿಲು

ನಾನು ಮಾಡಿದ್ದು ತಪ್ಪು ಎಂದು ಹೇಳುವವರು ಹೇಳಲಿ. ಕೋಲ್ಕತ್ತಾದ ಬೆಹಾಲಾದಲ್ಲಿ, ಒಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಹಬ್ಬದ ದಿನ, ಒರೆಸಿ ರಂಗೋಲಿ ಹಾಕಿದ್ದ ಹಾಲಿನ ತುಂಬ ನೀರು ಹರಿಸಿದವಳು ನಾನೇ. ಬೇಕೆಂದೇ ಹರಿಸಿದೆ. ಅಷ್ಟೊಂದು ಹರಿಸಬೇಕೆಂದು ಮಾತ್ರ ಇರಲಿಲ್ಲ.

ಆ ಫ್ಲ್ಯಾಟು ನನ್ನ ಗೈಡ್ ಪ್ರೊಫೆಸರ್ ಬದರಿನಾಥ ಅವರದು. ಮೈಸೂರಿನವರು, ಕೋಲ್ಕತ್ತಾಕ್ಕೆ ಬಂದು ಇಪ್ಪತ್ತಾರು ವರ್ಷವಾಗಿತ್ತು, ಮೀನಿನ ಸಂಶೋಧನೆಯಲ್ಲಿ ದೊಡ್ಡ ಹೆಸರು. ಆ ಹೆಸರು ಕೇಳಿಯೇ ನಾನು ಧಾರವಾಡದಿಂದ ಇಲ್ಲಿಗೆ ಪಿಎಚ್‌ಡಿ ಮಾಡಲು ಬಂದವಳು. ‘ಕನ್ನಡದ ಹುಡುಗಿ’ ಎಂದು ಮೊದಲ ವಾರವೇ ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿಸಿದರು. ಎರಡನೇ ವಾರ ಮನೆಯ ಮೀನಿನ ತೊಟ್ಟಿ ತೋರಿಸಿ, “ಇದನ್ನ ಸ್ವಲ್ಪ ನೋಡ್ಕೊಳಮ್ಮ” ಎಂದರು. ಆ ಸ್ವಲ್ಪ ನಾಲ್ಕು ವರ್ಷ ನಡೆಯಿತು. ವಾರ ಬಿಟ್ಟು ವಾರ, ಭಾನುವಾರ ಬೆಳಿಗ್ಗೆ ನಾನು ಗಾಜು ಉಜ್ಜಬೇಕು, ಪೈಪು ತೊಳೆಯಬೇಕು, ನೀರು ಬದಲಿಸಬೇಕು. ಮೇಷ್ಟ್ರು ಸೋಫಾದಲ್ಲಿ ಕಾಲು ಚಾಚಿ ಪೇಪರು ಓದಬೇಕು. ಇಡೀ ಆಯುಷ್ಯ ಮೀನಿನ ಬಗ್ಗೆ ಪಾಠ ಹೇಳಿದ ಆ ಮನುಷ್ಯನ ಕೈ ಒಂದು ದಿನವೂ ಆ ನೀರಿನಲ್ಲಿ ಒದ್ದೆಯಾಗಲಿಲ್ಲ.

ಅದಕ್ಕೂ ನನಗೆ ಬೇಜಾರಿರಲಿಲ್ಲ. ಗುರುಗಳ ಮನೆಗೆಲಸ ಮಾಡುವುದು ನಮ್ಮವರಿಗೆ ಹೊಸದೇ? ಲ್ಯಾಬಿನಲ್ಲಿ ನನ್ನ ಕೆಲಸ ನನಗಿತ್ತು. ಉತ್ತರ ಬಂಗಾಳದ ತೊರೆಗಳಲ್ಲಿ ಸಿಗುವ ಬೆರಳುದ್ದದ ಒಂದು ಮೀನು ಗಾಜಿನ ತೊಟ್ಟಿಯಲ್ಲಿ ಮೊಟ್ಟೆ ಇಡಲು ಒಪ್ಪುತ್ತಿರಲಿಲ್ಲ. ನಾನು ಅದರ ಬೆನ್ನು ಹತ್ತಿದೆ. ನೀರಿನ ಬಿಸಿ, ಹರಿವು, ಬೆಳಕು, ಆಹಾರ, ಒಂದೊಂದನ್ನೇ ಬದಲಿಸಿ ದಿನದಿನವೂ ಬರೆದಿಟ್ಟೆ. ನಾಲ್ಕು ನೋಟ್‌ಬುಕ್ಕು ತುಂಬಿದ ಮೇಲೆ, ಒಂದು ಮಳೆಗಾಲದ ಬೆಳಿಗ್ಗೆ, ಮೀನು ಮೊಟ್ಟೆ ಇಟ್ಟಿತು. ಲ್ಯಾಬಿನ ನೆಲದ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. “ನೋಡಿ ಕೊಡ್ತೀನಿ” ಎಂದು ಮೇಷ್ಟ್ರು ನಾಲ್ಕೂ ನೋಟ್‌ಬುಕ್ಕುಗಳನ್ನು ಮನೆಗೆ ಒಯ್ದರು.

ಎಂಟು ತಿಂಗಳಿಗೆ ಸಂಶೋಧನಾ ಲೇಖನ ಅಚ್ಚಾಯಿತು. ಮೊದಲ ಹೆಸರು ಅಮಿತನದು. ಅವನು ಮೇಷ್ಟ್ರ ತಂಗಿಯ ಮಗ, ಲ್ಯಾಬಿಗೆ ಬಂದು ವರ್ಷ ತುಂಬಿರಲಿಲ್ಲ, ಗಂಡು ಮೀನು ಯಾವುದು ಹೆಣ್ಣು ಯಾವುದು ಎಂದು ನನ್ನನ್ನು ಕೇಳುತ್ತಿದ್ದವನು. ಎರಡನೇ ಹೆಸರು ಮೇಷ್ಟ್ರದು. ನನ್ನ ಹೆಸರು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು: ತೊಟ್ಟಿಗಳನ್ನು ಸ್ವಚ್ಛವಾಗಿಡಲು ನೆರವಾದ ಹಂಸಾ ಅವರಿಗೆ ಕೃತಜ್ಞತೆಗಳು. ಎರಡು ದಿನ ಅನ್ನ ಸೇರಲಿಲ್ಲ.

ದೂರು ಕೊಟ್ಟೆ. ವಿಶ್ವವಿದ್ಯಾಲಯ ಮೂವರ ಸಮಿತಿ ಮಾಡಿತು. ಅದರ ಅಧ್ಯಕ್ಷೆ ಬಸು ಮೇಡಂ, ಸಸ್ಯಶಾಸ್ತ್ರದ ಹಿರಿಯ ಪ್ರೊಫೆಸರು. ಕೆಲಸ ನನ್ನದೇ ಎನ್ನುವುದಕ್ಕೆ ಆಧಾರವಾಗಿ ಸಮಿತಿ ನೋಟ್‌ಬುಕ್ಕು ಕೇಳಿತು. ಅಂಥ ನೋಟ್‌ಬುಕ್ಕುಗಳು ಇಲ್ಲ, ಇರಲೇ ಇಲ್ಲ ಎಂದು ಬದರಿನಾಥರು ಸಹಿ ಹಾಕಿ ಬರೆದುಕೊಟ್ಟರು. ಫೋಟೊ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಅಂಕಿಅಂಶವೆಲ್ಲ ಲ್ಯಾಬಿನ ಕಂಪ್ಯೂಟರಿನಲ್ಲಿತ್ತು, ಅದರ ಪಾಸ್‌ವರ್ಡು ಮೇಷ್ಟ್ರು ಬದಲಿಸಿದ್ದರು. ದೀಪಾವಳಿ ರಜೆ ಮುಗಿದ ಮೇಲೆ ಸಮಿತಿಯ ಕೊನೆಯ ಸಭೆ. ಅಷ್ಟರಲ್ಲಿ ಪುಸ್ತಕ ಸಿಗದಿದ್ದರೆ ನಾನು ಸುಳ್ಳಿ ಎಂದೇ ತೀರ್ಮಾನವಾಗುತ್ತಿತ್ತು.

ಇಷ್ಟಾದರೂ ಭಾನುವಾರದ ಕೆಲಸ ಬಿಟ್ಟಿರಲಿಲ್ಲ. ನನ್ನ ಥೀಸಿಸ್‌ಗೆ ಅವರ ಸಹಿ ಬೇಕಿತ್ತು. ಅವರಿಗೂ ನಾನು ಬರುವುದೇ ಬೇಕಿತ್ತು. ಬಕೆಟ್ಟು ಹಿಡಿದ ನನ್ನನ್ನು, ಇವಳ ಕೆಲಸ ಇಷ್ಟೇ ಎಂದು ಬಂದವರಿಗೆಲ್ಲ ತೋರಿಸಬಹುದಲ್ಲ.

ಹಬ್ಬಕ್ಕೆ ಎರಡು ವಾರ ಮುಂಚೆ ನನ್ನ ಪುಸ್ತಕಗಳು ಕಣ್ಣಿಗೆ ಬಿದ್ದವು. ಮೇಲೆ ಐದಡಿ ಉದ್ದದ ಗಾಜಿನ ತೊಟ್ಟಿ, ಅದರ ಕೆಳಗೆ ಎರಡು ಬಾಗಿಲಿನ ಮರದ ಕಪಾಟು. ಎಡಬಾಗಿಲ ಹಿಂದೆ ಸಂಪ್. ಮನೆ ಮುಂದೆ ನೆಲದೊಳಗೆ ಕಟ್ಟಿಸುತ್ತಾರಲ್ಲ, ಆ ಸಂಪಲ್ಲ. ಇದು ಇನ್ನೊಂದು ಸಣ್ಣ ಗಾಜಿನ ತೊಟ್ಟಿ. ಮೇಲಿನ ನೀರು ಅಂಚು ಮೀರಿ ಪೈಪಿನಲ್ಲಿ ಇದಕ್ಕೆ ಇಳಿಯುತ್ತದೆ, ಇಲ್ಲಿ ಸೋಸಿಹೋಗುತ್ತದೆ, ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ಎತ್ತುತ್ತದೆ. ಕಪಾಟಿನ ಬಲಬಾಗಿಲಿಗೆ ಕೆಲವು ತಿಂಗಳಿಂದ ಬೀಗ ಬಿದ್ದಿತ್ತು. ಎರಡೂ ಖಾನೆಗಳ ನಡುವಿನ ಹಲಗೆಯ ತಳದಲ್ಲಿ ವೈರು ಹೋಗಲು ಒಂದು ಕಂಡಿ. ಕೈಜಾರಿದ ವಾಷರ್ ಹುಡುಕಲು ಮೊಬೈಲಿನ ಬೆಳಕು ಬಿಟ್ಟಾಗ ಕಂಡಿಯ ಆಚೆ ನಾಲ್ಕು ಕೆಂಪು ರಟ್ಟು ಕಂಡವು. ಮೇಲಿನದರ ಮೇಲೆ ನಾನೇ ಅಂಟಿಸಿದ ಚೀಟಿಯಿತ್ತು.

ಸುಟ್ಟುಹಾಕಿರಲಿಲ್ಲ. ಹೇಗೆ ಸುಡುತ್ತಾರೆ? ಅಮಿತನ ಮುಂದಿನ ಲೇಖನಕ್ಕೂ ಅವೇ ಬೇಕಿತ್ತು. ನಾನು ಬೀಗ ಒಡೆದರೆ ಕಳ್ಳಿಯಾಗುತ್ತೇನೆ. ಬಸು ಮೇಡಂಗೆ ಹೇಳೋಣವೆಂದರೆ ಸಮಿತಿಗೆ ಮನೆ ಹುಡುಕುವ ಅಧಿಕಾರವಿಲ್ಲ. ಕೇಳಿದ ಮರುದಿನವೇ ಅವು ಬೂದಿ. ಆ ಬಾಗಿಲು ಮೇಡಂ ಎದುರಿಗೇ ತೆರೆಯಬೇಕು, ಅದೂ ಮೇಷ್ಟ್ರ ಕೈಯಿಂದಲೇ ತೆರೆಯಬೇಕು. ಮೂರು ದಿನ ಇದೊಂದೇ ಯೋಚನೆ ಮಾಡಿದೆ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಜಲಜಮ್ಮನ ಫೋನು ಬಂತು. ಜಗಳದ ವಿಷಯ ಅವರಿಗೆ ಅರ್ಧಂಬರ್ಧ ಗೊತ್ತಿತ್ತು. ಗಂಡನ ಕಾಲೇಜಿನ ರಗಳೆ ಎಂದು ಅದನ್ನು ಪಕ್ಕಕ್ಕಿಟ್ಟಿದ್ದರು.

“ಹಂಸಾ, ನೀನು ಬರೋ ಭಾನ್ವಾರ ನೀರು ತುಂಬೋ ಹಬ್ಬ ಕಣೆ, ಮಧ್ಯಾಹ್ನದ ಮೇಲೆ ಬಂದ್ಬಿಡು. ಬಸು ಮೇಡಂನೂ ಕರ್ದಿದಾರೆ ಇವ್ರು. ಇನ್ನೊಂದು ವಿಷ್ಯ, ಗೇಟಿಗೆ ನೋಟೀಸ್ ಅಂಟ್ಸಿದಾರೆ. ಕಾಳಿ ಪೂಜೆ ಪೆಂಡಾಲ್‌ಗೆ ಲೈನ್ ಎಳೀತಾರಂತೆ, ಸಂಜೆ ಐದೂವರೆಯಿಂದ ಒಂದು ಗಂಟೆ ಕರೆಂಟ್ ಇರಲ್ವಂತೆ. ಪಂಪ್ ನಿಂತ್ರೆ ನೀರೆಲ್ಲ ಉಕ್ಕಿ ಹಾಲಿಗೆ ಬರತ್ತಾ?”

“ಇಲ್ಲ ಬಿಡ್ರಿ ಅಮ್ಮಾ, ನಾ ಬಂದು ಎಲ್ಲಾ ನೋಡ್ತೀನಿ” ಎಂದೆ. ನ್ಯಾಯ ಹೇಳಬೇಕಾದವರಿಗೆ ಆರೋಪಿಯ ಮನೆಯಲ್ಲಿ ಹಬ್ಬದೂಟ! ಮೇಡಂ ಕೆಟ್ಟವರಲ್ಲ, ಕರೆದರೆ ಇಲ್ಲ ಎನ್ನಲಾರದ ಹಳೆಯ ಸ್ನೇಹ. ಆ ಸ್ನೇಹವೇ ನನ್ನ ಕೆಲಸಕ್ಕೆ ಬರುತ್ತದೆ ಎಂದು ಹೊಳೆಯಲು ಐದು ನಿಮಿಷ ಹಿಡಿಯಿತು.

ಕರೆಂಟು ಹೋದಾಗ ಸಂಪ್ ಉಕ್ಕದಂತೆ ತಡೆಯುವುದು ದೊಡ್ಡ ವಿದ್ಯೆಯೇನಲ್ಲ. ಪಂಪು ನಿಂತ ಕೂಡಲೇ ಮೇಲಿನ ನೀರು ಪಂಪಿನ ಪೈಪಿನಲ್ಲೇ ಹಿಂದಕ್ಕೆ ಇಳಿಯತೊಡಗುತ್ತದೆ. ಪೈಪಿನ ಬಾಯಿ ನೀರಿನಿಂದ ಹೊರಗೆ ಬರುವ ತನಕ ಇಳಿಯುತ್ತಲೇ ಇರುತ್ತದೆ. ಅದಕ್ಕೇ ನೀರಿನ ಮಟ್ಟದಿಂದ ಒಂದು ಬೆರಳು ಕೆಳಗೆ ಆ ಪೈಪಿಗೆ ಸಣ್ಣ ತೂತು ಕೊರೆದಿರುತ್ತೇವೆ. ನೀರು ಅಲ್ಲಿಗೆ ಇಳಿದೊಡನೆ ತೂತಿನಿಂದ ಗಾಳಿ ನುಗ್ಗಿ ಹರಿವು ಕಡಿದುಹೋಗುತ್ತದೆ. ತೂತಿಗೆ ಪಾಚಿ ಕಟ್ಟದಂತೆ ಆಗಾಗ ಕಡ್ಡಿಯಿಂದ ಚುಚ್ಚಿ ಬಿಡಿಸಬೇಕು, ಇಳಿದು ಬರುವ ನೀರಿಗೆ ಸಂಪಿನಲ್ಲಿ ಜಾಗ ಬಿಟ್ಟಿರಬೇಕು. ಎಷ್ಟು ಜಾಗವೆಂದು ಸಂಪಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೆ. ನೀರು ಆ ಗೆರೆ ದಾಟದಿದ್ದರೆ ಭಯವಿಲ್ಲ.

ಇದನ್ನೇ ತಿರುಗಾಮುರುಗಾ ಮಾಡಿದೆ. ತೂತು ಮುಚ್ಚಿದರೆ ನಲವತ್ತೈದು ಲೀಟರು ಇಳಿಯುತ್ತದೆ, ಗೆರೆಯ ಮೇಲೆ ಇರುವ ಜಾಗ ನಲವತ್ತು ಲೀಟರಿನದು. ಚೆಲ್ಲುವುದು ಐದು. ಅಷ್ಟು ನೀರು ಕಪಾಟಿನ ತಳದಲ್ಲಿ ಹರಡಿ ಬಾಗಿಲ ಸಂದಿಯಿಂದ ಹಾಲಿಗೆ ಬರುತ್ತದೆಯೇ ಹೊರತು ಎರಡು ಬೆರಳು ಎತ್ತರದ ಹಲಗೆಯ ಮೇಲಿದ್ದ ಪುಸ್ತಕಗಳನ್ನು ಮುಟ್ಟುವುದಿಲ್ಲ. ಆ ಮನೆಯಲ್ಲಿ ತೊಟ್ಟಿಯ ತಲೆಬುಡ ಯಾರಿಗೂ ಗೊತ್ತಿಲ್ಲ, ನನ್ನನ್ನೇ ಕೇಳುತ್ತಾರೆ. ನೀರು ನಿಲ್ಲಿಸುವ ವಾಲ್ವು ಬಲಬಾಗಿಲ ಹಿಂದಿದೆ ಎನ್ನುತ್ತೇನೆ. ಅಲ್ಲಿ ಯಾವ ವಾಲ್ವೂ ಇಲ್ಲ. ಮೇಲಿನ ಪೈಪಿನ ಬಾಯನ್ನು ನೀರಿನಿಂದ ಎರಡು ಇಂಚು ಎತ್ತಿದರೆ ಎಲ್ಲ ನಿಂತುಹೋಗುತ್ತದೆ, ಆದರೆ ಮೀನಿನ ಪ್ರೊಫೆಸರಿಗೆ ಅದು ಗೊತ್ತಿರಬೇಕಲ್ಲ!

ಭಾನುವಾರ ನಾಲ್ಕಕ್ಕೆ ಹೋದೆ. ಜಲಜಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿ ಪೂಜೆ ಮಾಡಿದ್ದರು. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಆ ನೀರು. ಅಡುಗೆಮನೆಯ ಬಿಂದಿಗೆ, ಕೊಡಪಾನ, ಕೊನೆಗೆ ಸ್ಟೀಲಿನ ಲೋಟಗಳೂ ತುಂಬಿ ಸಾಲಾಗಿ ಕೂತಿದ್ದವು. ನಾನು ಸ್ಟೂಲು ಹತ್ತಿ ಗಾಜಿನಿಂದ ಒಂದು ಚಿಟಿಕೆ ಪಾಚಿ ಕೆರೆದು, ಉಂಡೆ ಮಾಡಿ, ಪೈಪಿನ ತೂತಿಗೆ ಗಟ್ಟಿಯಾಗಿ ತುರುಕಿದೆ. ಕೆಳಗಿನ ಸಂಪಿನಲ್ಲಿ ನೀರು ಸರಿಯಾಗಿ ಗೆರೆಗಿತ್ತು. ಯಾರಾದರೂ ಕೇಳಿದರೆ ಪಾಚಿ ತಾನಾಗಿ ಕಟ್ಟಿಕೊಂಡಿತು ಎನ್ನಬಹುದಿತ್ತು.

ಐದಕ್ಕೆ ಬಸು ಮೇಡಂ ಬಂದರು. ನನ್ನನ್ನು ಅಲ್ಲಿ ನೋಡಿ ಅವರಿಗೆ ಮುಜುಗರವಾಯಿತು. ಮೇಷ್ಟ್ರಿಗೆ ಮುಜುಗರ ಎಲ್ಲಿಂದ ಬರಬೇಕು? “ನಮ್ಮ ಹಂಸಾ! ತೊಟ್ಟಿ ತೊಳೆಯುವುದರಲ್ಲಿ ಇವಳನ್ನು ಮೀರಿಸುವವರಿಲ್ಲ” ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಆಮೇಲೆ ಕನ್ನಡದಲ್ಲಿ, “ಹೋಗಮ್ಮ, ಮೂಲೆ ಸ್ವೀಟ್ ಅಂಗಡಿಯಿಂದ ಮೇಡಂಗೆ ಒಂದಷ್ಟು ಸಂದೇಶ್ ತಗೊಂಡ್ಬಾ” ಎಂದರು. ಹಲ್ಲು ಕಚ್ಚಿಕೊಂಡು ಹೋದೆ. ಅಂಗಡಿಯಲ್ಲಿ ಜನವೋ ಜನ. ಸಿಹಿ ಹಿಡಿದು ವಾಪಸು ಬರುವಾಗ ಐದು ಇಪ್ಪತ್ತೈದಾಗಿತ್ತು. ಸಂಪನ್ನು ಇನ್ನೊಮ್ಮೆ ಬಗ್ಗಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಇನ್ವರ್ಟರಿನ ಎರಡು ಬಲ್ಬು ಹತ್ತಿಕೊಂಡವು, ತೊಟ್ಟಿಯ ಪಂಪು ನಿಂತಿತು. ಪೈಪಿನಲ್ಲಿ ಗೊಳಗೊಳ ಸದ್ದು ಶುರುವಾಯಿತು. ಆ ಸಣ್ಣ ಪೈಪಿನಲ್ಲಿ ಸಂಪ್ ತುಂಬಿ ಚೆಲ್ಲಲು ಒಂಬತ್ತು ನಿಮಿಷ ಬೇಕು. ನಾನು ಮೇಡಂಗೆ ತಟ್ಟೆ ಕೊಟ್ಟು, ಗಡಿಯಾರ ನೋಡುತ್ತ ಕೂತೆ.

ಎರಡೇ ನಿಮಿಷಕ್ಕೆ ನೀರು ಬಂತು. ಬಾಗಿಲ ಸಂದಿಯಿಂದ ತೊಟ್ಟಿಕ್ಕಲಿಲ್ಲ, ನುಗ್ಗಿತು. ಜಲಜಮ್ಮ ಹಾಲಿನ ನಡುವೆ ಹಾಕಿದ್ದ ಬಣ್ಣದ ರಂಗೋಲಿ ನಾನು ನೋಡುತ್ತಿದ್ದಂತೆಯೇ ಕಲಸಿ ಹರಿದುಹೋಯಿತು. ಅದಕ್ಕೆ ಮಾತ್ರ ಇವತ್ತಿಗೂ ನನಗೆ ಬೇಜಾರಿದೆ.

“ಅಯ್ಯಯ್ಯೋ ಹಂಸಾ, ಏನೇ ಇದು! ಬರಲ್ಲ ಅಂದ್ಯಲ್ಲೇ!”

“ಅಮ್ಮಾ, ನೀವು ಸಂಪ್‌ನ್ಯಾಗ ನೀರು ಹಾಕೀರೇನು?”

“ಹೂಂ, ತುಂಬ್ಸಿದೆ! ನೀನು ಅಂಗಡಿಗೆ ಹೋದಾಗ ಬಾಗ್ಲು ತೆಗ್ದು ನೋಡ್ತೀನಿ, ಅದೊಂದೇ ಅರ್ಧ ಖಾಲಿ ಇತ್ತು. ನೀರು ತುಂಬೋ ಹಬ್ಬದ ದಿನ ಮನೇಲಿ ಒಂದು ಪಾತ್ರೆ ಅರ್ಧ ಇರಬಹುದೇನೇ? ಎರಡು ಬಕೆಟ್ ಹಿಡೀತು.”

ಆ ಮನೆಯ ಬಕೆಟ್ಟು ಹದಿನೈದು ಲೀಟರಿನದು; ಈಗ ಚೆಲ್ಲುವುದು ಐದು ಲೀಟರಲ್ಲ, ಮೂವತ್ತೈದು. ಅಷ್ಟು ನೀರು ಕಪಾಟಿನ ತಳದಲ್ಲಿ ನಿಂತರೆ ಹಲಗೆ ಮುಳುಗುತ್ತದೆ, ಪುಸ್ತಕ ಮುಳುಗುತ್ತವೆ. ಇಡೀ ಲೋಕದಲ್ಲಿ ನನ್ನ ಪರವಾಗಿದ್ದ ಸಾಕ್ಷಿ ಆ ನಾಲ್ಕೇ, ಅವನ್ನು ನಾನೇ ನೀರಿಗೆ ಹಾಕಿದ್ದೆ. ಎದ್ದು ನಿಂತೆ. ಪೈಪು ಕೈಗೆ ಎಟುಕುವಷ್ಟು ಹತ್ತಿರವಿತ್ತು. ಎತ್ತಿದರೆ ನೀರು ನಿಲ್ಲುತ್ತದೆ, ಆಮೇಲೆ ಬಾಗಿಲು ತೆಗೆಯುವ ಕಾರಣವೂ ಇರುವುದಿಲ್ಲ. ರಾತ್ರಿಯೇ ಮೇಷ್ಟ್ರು ಒದ್ದೆ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಎಲ್ಲಿಗಾದರೂ ಎಸೆದು ಬರುತ್ತಾರೆ. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ನಿಲ್ಸು ಮೊದ್ಲು! ಏನ್ ನೋಡ್ತಾ ನಿಂತಿದೀಯ?” ಮೇಷ್ಟ್ರು ಪಂಚೆ ಎತ್ತಿ ಹಿಡಿದು ಕೂಗಿದರು.

“ಸರ್, ಅದರ ವಾಲ್ವ್ ಬಲಗಡೆ ಬಾಗಿಲದಾಗ ಅದ. ಕೀಲಿ ತಗೀರಿ.”

ಅವರು ಬಾಗಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಕೊನೆಗೆ ಸೋಫಾದ ಮೇಲೆ ಕಾಲೆತ್ತಿ ಕೂತಿದ್ದ ಬಸು ಮೇಡಂ ಅವರನ್ನು ನೋಡಿದರು. “ಅದರ ಕೀ ಕಳ್ದ್ಹೋಗಿದೆ. ಬೇರೆ ದಾರಿ ಇಲ್ವಾ?”

“ಇಲ್ರಿ ಸರ್.” ನಾಚಿಕೆಯಿಲ್ಲದೆ ಹೇಳಿದೆ.

“ಕಳ್ದೋಗೋದೇನು?” ಜಲಜಮ್ಮ ಒರೆಸುವ ಬಟ್ಟೆ ಹಿಂಡುತ್ತಲೇ ದನಿಯೇರಿಸಿದರು. “ಮೂರು ತಿಂಗಳಿಂದ ಜನಿವಾರಕ್ಕೆ ಕಟ್ಕೊಂಡು ಓಡಾಡ್ತಿದೀರ, ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ! ತೆಗೀರಿ ಅಂದ್ರೆ. ಕೆಳಗಿನ ಮನೆಯವ್ರು ಬಂದು ಬೈತಾರೆ.”

“ಬಿಡು ಜಲಜಾ, ನೀರು ತಾನೇ, ಒರೆಸಿದ್ರಾಯ್ತು…”

ಅವರ ಮಾತು ಮುಗಿಯುವ ಮೊದಲೇ ಜಲಜಮ್ಮ ಗಂಡನ ಜುಬ್ಬದೊಳಗೆ ಕೈ ಹಾಕಿ ಜನಿವಾರ ಹೊರಗೆಳೆದರು. ಬೀಗದ ಕೈ ಅದಕ್ಕೆ ಬಿಗಿಯಾಗಿ ಗಂಟು ಬಿದ್ದಿತ್ತು, ಒದ್ದೆ ಬೆರಳಿಗೆ ಬಿಚ್ಚಲಿಲ್ಲ. “ನೀವೇ ಬಗ್ಗಿ ತೆಗೀರಿ” ಎಂದು ಅವರನ್ನು ಕಪಾಟಿನ ಕಡೆಗೆ ತಳ್ಳಿದರು. ಬಸು ಮೇಡಂಗೆ ಭಾಷೆ ತಿಳಿಯದಿದ್ದರೂ ನಡೆಯುತ್ತಿದ್ದದ್ದು ಕಾಣುತ್ತಿತ್ತು. ಅವರ ಕಣ್ಣೆದುರು ಇನ್ನೇನು ಮಾಡಿಯಾರು? ಪ್ರೊಫೆಸರ್ ಬದರಿನಾಥರು ಆ ನೀರಿನಲ್ಲಿ ಮಂಡಿಯೂರಿದರು. ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಹೇಳುವುದೇಕೆ, ಕುಣಿಯಬೇಕೆನಿಸಿತು.

ಅವರು ಬಾಗಿಲನ್ನು ಒಂದಿಷ್ಟೇ ತೆರೆದು, ತೋಳು ಒಳಗೆ ಹಾಕಿ ಏನನ್ನೋ ಹಿಂದಕ್ಕೆ ದಬ್ಬತೊಡಗಿದರು. “ಇಲ್ಲಿ ವಾಲ್ವ್ ಇಲ್ಲ” ಎಂದರು. ಅಷ್ಟರಲ್ಲಿ ಜಲಜಮ್ಮ ಬಗ್ಗಿ ಬಾಗಿಲನ್ನು ಪೂರ್ತಿ ಎಳೆದಿದ್ದರು.

“ಅಯ್ಯೋ, ಪುಸ್ತಕ! ಸರಸ್ವತೀನ ಹೀಗೆ ನೆನೆಯೋಕೆ ಬಿಡ್ತಾರಾ?” ನಾಲ್ಕನ್ನೂ ತಬ್ಬಿ ಎತ್ತಿ, ರೂಢಿಯಂತೆ ಕಣ್ಣಿಗೊತ್ತಿಕೊಂಡು, ಒಣ ಜಾಗವೆಂದು ಸೀದಾ ಬಸು ಮೇಡಂ ಮಡಿಲಿಗೇ ಇಟ್ಟರು. “ಇದು ನಿನ್ ಅಕ್ಷರ ಅಲ್ವೇನೇ ಹಂಸಾ? ಮೀನಿನ ಊಟದ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟ್ಸಿದೀಯಲ್ಲ, ಹಾಗೇ ಇದೆ.”

ಮೇಡಂ ಮೇಲಿನ ಚೀಟಿಯನ್ನು ಬೆರಳಿನಿಂದ ಒರೆಸಿದರು. ನನ್ನ ಹೆಸರು ಇಂಗ್ಲಿಷಿನಲ್ಲಿತ್ತು, ಓದಲು ಯಾರ ಸಹಾಯವೂ ಬೇಕಿರಲಿಲ್ಲ.

“ಬದರಿ, ನೋಟ್‌ಬುಕ್ಕುಗಳೇ ಇಲ್ಲವೆಂದು ನನಗೆ ಬರೆದುಕೊಟ್ಟಿದ್ದೀರಿ.”

“ಹಳೆಯ ರದ್ದಿ” ಎಂದರು ಮೇಷ್ಟ್ರು ಮಂಡಿಯ ಮೇಲಿಂದಲೇ. ಆಮೇಲೆ ಪುಸ್ತಕಗಳಿಂದ ನೀರು ಸೋರುವುದನ್ನು ಕಂಡು ಅವರ ದನಿಗೆ ಧೈರ್ಯ ಬಂತು. “ಪೂರ್ತಿ ನೆನೆದಿದೆ ಮೇಡಂ. ಒಳಗೆ ಏನಿತ್ತೆಂದು ಯಾರು ಹೇಳಬಲ್ಲರು? ಶಾಯಿಯೆಲ್ಲ ಹೋಗಿರುತ್ತದೆ.”

ಮೇಡಂ ಪುಟ ಬಿಡಿಸಿದರು. ಅಂಚು ಮುದ್ದೆಯಾಗಿತ್ತು, ಕೆಲವು ಹಾಳೆ ಅಂಟಿಕೊಂಡು ಹರಿದವು. ಅಕ್ಷರ ಮಾತ್ರ ಒಂದೂ ಅಲುಗಿರಲಿಲ್ಲ. ತಾರೀಕು, ನೀರಿನ ಬಿಸಿ, ಹರಿವಿನ ವೇಗ, ಪ್ರತಿ ಪುಟದ ಕೆಳಗೆ ನನ್ನ ಸಹಿ. ಅವರು ದಿನಗಳನ್ನು ಜೋರಾಗಿ ಓದುತ್ತ ಹೋದರು. ಅಮಿತ್ ಲ್ಯಾಬಿಗೆ ಕಾಲಿಡುವುದಕ್ಕೆ ಮೂರು ವರ್ಷ ಮುಂಚಿನ ದಿನಗಳು.

“ಪೆನ್ಸಿಲ್ಲು?” ಎಂದು ನನ್ನನ್ನು ಕೇಳಿದರು.

“ಹೌದು ಮೇಡಂ. ತೊಟ್ಟಿಯ ಮುಂದೆ ಒದ್ದೆ ಕೈಯಲ್ಲಿ ಬರೆಯುವವರು ಪೆನ್ನು ಮುಟ್ಟಬಾರದು ಎಂದು ಮೊದಲ ದಿನವೇ ಕಲಿಸಿದವರು ಸರ್.”

ಮೇಡಂ ತಮ್ಮ ಶಾಲಿನಲ್ಲಿ ನಾಲ್ಕನ್ನೂ ಸುತ್ತಿಕೊಂಡು, ಇವು ಇನ್ನು ಸಮಿತಿಯ ವಶದಲ್ಲಿರುತ್ತವೆ ಎಂದು ಹೇಳಿ ಎದ್ದರು. ಸಂದೇಶ್ ತಟ್ಟೆಯಲ್ಲೇ ಉಳಿಯಿತು. ಅವರ ಹಿಂದೆ ಮೆಟ್ಟಿಲ ತನಕ ಹೋದ ಜಲಜಮ್ಮ, ಊಟ ಮಾಡದೆ ಹೋಗುತ್ತಿದ್ದಾರಲ್ಲ ಎಂದು ಹಿಂದಿಯಲ್ಲಿ ಪೇಚಾಡುತ್ತಿದ್ದರು.

ಹಾಲಿನಲ್ಲಿ ನಾವಿಬ್ಬರೇ ಉಳಿದೆವು. ನೀರು ಇನ್ನೂ ಇಳಿಯುತ್ತಿತ್ತು. ನಾನು ಹೋಗಿ ಪೈಪಿನ ಬಾಯನ್ನು ಎರಡು ಬೆರಳಿನಲ್ಲಿ ಮೇಲಕ್ಕೆ ಎತ್ತಿದೆ. ಒಮ್ಮೆ ಗೊರಕ್ ಎಂದು ಗಾಳಿ ಎಳೆದುಕೊಂಡು ಪೈಪು ಸುಮ್ಮನಾಯಿತು.

ಮೇಷ್ಟ್ರು ನನ್ನ ಕೈಯನ್ನೇ ನೋಡುತ್ತಿದ್ದರು. “ಇಷ್ಟೇನಾ?” ಎಂದರು.

“ಇಷ್ಟ ರೀ ಸರ್. ನಾಕು ವರ್ಷದಾಗ ನೀವು ಒಂದು ಸಲಾನೂ ಕೇಳಲಿಲ್ಲ.”

ಏಳಲು ಆಸರೆಗೆಂದು ಅವರು ನನ್ನತ್ತ ಕೈ ಚಾಚಿದರು. ನಾನು ಹಿಡಿಯಲಿಲ್ಲ.